ಮಧುಗಿರಿಯ ಸುತ್ತ ಬಳಸಿ ಹೋದ ಹಳಿಗಳು

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಯಲ್ಲಿ ಕಿತ್ತುಹಾಕಿದ ಹಳಿ ಇಲ್ಲ, ಪಾಳುಬಿದ್ದ ಸ್ಟೇಷನ್ನೂ ಇಲ್ಲ. ಮುಚ್ಚಿಹೋದ ಕವಲು ಮಾರ್ಗಗಳ ಚರಿತ್ರೆಯಲ್ಲಿ ಈ ನಾಲ್ಕು ತಾಲ್ಲೂಕುಗಳಿಗೆ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಅಳಿದ ಮಾರ್ಗಕ್ಕೂ ಹಾಕದೇ ಬಿಟ್ಟ ಮಾರ್ಗಕ್ಕೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಇಲ್ಲಿಂದಲೇ ನೋಡಬೇಕು.

ಮೈಸೂರು ಸಂಸ್ಥಾನದ ಮೀಟರ್ ಗೇಜ್ ಬೆಂಗಳೂರಿನಿಂದ ತುಮಕೂರಿಗೆ ಬಂದದ್ದು 1884ರಲ್ಲಿ. 1876–78ರ ಘೋರ ಬರದ ನೆನಪು ಇನ್ನೂ ಮಾಸಿರಲಿಲ್ಲ; ಬರ ಬೀಳುವ ಸೀಮೆಗೆ ರೈಲು ಬೇಕು ಎಂಬುದು ಆಗಲೇ ಮನವರಿಕೆಯಾಗಿತ್ತು. ತುಮಕೂರಿನಿಂದ ಮುಂದಕ್ಕೆ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ನೇರ ದಾರಿಯಿತ್ತು. ಶಿರಾ ಎಂದರೆ ಸಣ್ಣ ಊರಲ್ಲ, 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರು. ಆದರೂ ರೈಲು ಪಶ್ಚಿಮಕ್ಕೆ ಹೊರಳಿ, ಗುಬ್ಬಿ, ತಿಪಟೂರು, ಅರಸೀಕೆರೆ, ಬೀರೂರು ಸುತ್ತಿಕೊಂಡು 1889ರಲ್ಲಿ ಹರಿಹರ ಸೇರಿತು. ಆ ಕಡೆ ತೆಂಗು, ಅಡಿಕೆ, ಕಾಫಿ. ಈ ಕಡೆ ರಾಗಿ, ಹುಣಸೆ, ಕುರಿ, ಕಂಬಳಿ. ಸಾಲದ ಹಣದಲ್ಲಿ ಹಳಿ ಹಾಸುತ್ತಿದ್ದ ಸಂಸ್ಥಾನಕ್ಕೆ ಯಾವುದು ಹಿತವಾಗಿ ಕಂಡಿರಬೇಕು ಎಂದು ಊಹಿಸುವುದು ಕಷ್ಟವಲ್ಲ.

ಪೂರ್ವದ ಮಾರ್ಗ ಬಂದದ್ದು 1890ರ ದಶಕದ ಮೊದಲಲ್ಲಿ. ಅದೂ ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರದ ಮೇಲೆ ಗುಂತಕಲ್ಲಿಗೆ ಹೋಯಿತು. ಎಡಕ್ಕೊಂದು, ಬಲಕ್ಕೊಂದು, ನಡುವಿನ ಸೀಮೆಗೆ ಯಾವುದೂ ಇಲ್ಲ. ಮಧುಗಿರಿಯವರು ಗೌರಿಬಿದನೂರಿಗೋ ತುಮಕೂರಿಗೋ ಹೋಗಿ ರೈಲು ಹತ್ತಬೇಕು. ಆಂಧ್ರದೊಳಗೆ ಸಿಕ್ಕಿಕೊಂಡಂತಿರುವ ಪಾವಗಡದ್ದೂ ಇದೇ ಪಾಡು.

ನೆರೆಯ ಕೋಲಾರ ಸೀಮೆಯವರು ಸುಮ್ಮನಿರಲಿಲ್ಲ. 1910ರ ದಶಕದಲ್ಲಿ ಬೌರಿಂಗ್‌ಪೇಟೆಯಿಂದ (ಈಗಿನ ಬಂಗಾರಪೇಟೆ) ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಮೇಲೆ ಯಲಹಂಕದವರೆಗೆ ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್ ಬಂತು. ಖರ್ಚು ಕಡಿಮೆ, ತಿರುವು ಸಲೀಸು. ಕಷ್ಟವಿದ್ದದ್ದು ತುದಿಗಳಲ್ಲಿ. ಬಂಗಾರಪೇಟೆಯಲ್ಲಿ 1864ರಿಂದಲೇ ಬ್ರಾಡ್ ಗೇಜ್, ಯಲಹಂಕದಲ್ಲಿ ಮೀಟರ್ ಗೇಜ್. ಚಿಂತಾಮಣಿಯ ಮೂಟೆ ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಹಮಾಲರು ಅದನ್ನು ಪುಟ್ಟ ಡಬ್ಬಿಯಿಂದ ಇಳಿಸಿ ದೊಡ್ಡ ಡಬ್ಬಿಗೆ ಏರಿಸಬೇಕಿತ್ತು. ಅಂಗಡಿ ಬಾಗಿಲಿಂದ ಮೂಟೆ ಎತ್ತುವ ಲಾರಿ ಬಂದ ಮೇಲೆ ಈ ಇಳಿಸಿ ಏರಿಸುವ ರಗಳೆ ಯಾರಿಗೆ ಬೇಕು? ಪ್ರಯಾಣಿಕರು ಬಸ್ಸು ಹತ್ತಿದರು. ಪುಟಾಣಿ ರೈಲು ಸೊರಗಿ ಸೊರಗಿ ನಿಂತಿತು.

ಆದರೆ ನೆಲ ರೈಲ್ವೆಯ ಕೈಯಲ್ಲೇ ಉಳಿಯಿತು. ಹಳೆಯ ಹಾದಿಯನ್ನೇ ಬಹುಮಟ್ಟಿಗೆ ಹಿಡಿದು ತೊಂಬತ್ತರ ದಶಕದಿಂದ ತುಂಡುತುಂಡಾಗಿ ಬ್ರಾಡ್ ಗೇಜ್ ಆಯಿತು. 2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರ ಭಾಗವೂ ಮುಗಿಯಿತು. ದೊಡ್ಡಜಾಲ, ದೇವನಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ಸ್ಟೇಷನ್ ಕಟ್ಟಡಗಳು ಇವತ್ತಿಗೂ ಇವೆ. ಚಿಕ್ಕಜಾಜೂರಿನಿಂದ 1921ರಲ್ಲಿ ಚಿತ್ರದುರ್ಗಕ್ಕೆ ಬಂದು ದಶಕಗಟ್ಟಲೆ ಅಲ್ಲೇ ನಿಂತಿದ್ದ ಕವಲಿನದ್ದೂ ಇಂಥದೇ ಕತೆ. ಅದೇ ಎಳೆ ಕೊನೆಗೆ ಚಳ್ಳಕೆರೆ ದಾಟಿ ರಾಯದುರ್ಗ ಮುಟ್ಟಿತು. ಎಲ್ಲ ಸಣ್ಣ ಹಳಿಗೂ ಈ ಯೋಗವಿರಲಿಲ್ಲ ಅನ್ನಿ. ತರೀಕೆರೆ–ನರಸಿಂಹರಾಜಪುರದ 2 ಅಡಿ ಹಳಿ ಹೇಳಹೆಸರಿಲ್ಲದೆ ಹೋಯಿತು.

“ನಮಗೂ ಅಂಥದೊಂದು ಚಿಕ್ಕ ರೈಲು ಬಂದಿದ್ದರೆ ಅದೂ ಮುಚ್ಚಿಹೋಗುತ್ತಿತ್ತು ಬಿಡಿ” ಎಂದು ಮಧುಗಿರಿ ಕಡೆಯವರು ಸಮಾಧಾನ ಹೇಳಿಕೊಳ್ಳಬಹುದು. ಮುಚ್ಚುತ್ತಿತ್ತು, ನಿಜ. ಆದರೆ ಸತ್ತ ರೈಲೂ ಏರಿ, ಸೇತುವೆ, ಸರ್ಕಾರಿ ಪಹಣಿಯನ್ನು ಬಿಟ್ಟುಹೋಗುತ್ತದೆ. ಈ ತಾಲ್ಲೂಕುಗಳಿಗೆ ಅಷ್ಟೂ ದಕ್ಕಲಿಲ್ಲ. ಕೊರಟಗೆರೆ, ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗದ ಮೇಲೆ ಸಾಗುವ 207 ಕಿ.ಮೀ. ಉದ್ದದ ತುಮಕೂರು–ರಾಯದುರ್ಗ ಮಾರ್ಗ 2007-08ರಲ್ಲಿ ಮಂಜೂರಾದಾಗ ಸರ್ವೆ ನಂಬರಿನಿಂದಲೇ ಶುರುಮಾಡಬೇಕಾಯಿತು: ನೋಟಿಸು, ಪರಿಹಾರದ ದರ, ತಕರಾರು. ವೆಚ್ಚದಲ್ಲಿ ರಾಜ್ಯಗಳಿಗೂ ಪಾಲಿದ್ದು, ಕರ್ನಾಟಕ ಕೊಟ್ಟರೂ ಆಂಧ್ರ ಕೊಡಬೇಕು, ಎರಡೂ ಕಡೆ ಭೂಮಿ ಸಿಗಬೇಕು. ರಾಯದುರ್ಗದ ಕಡೆಯಿಂದ ಕಲ್ಯಾಣದುರ್ಗದವರೆಗೆ ರೈಲು ಮೊದಲು ಓಡಿತು.

ಶಿರಾದ ಪಾಲಿಗೆ 2011-12ರಲ್ಲಿ ಮಂಜೂರಾದ ತುಮಕೂರು–ದಾವಣಗೆರೆ ನೇರ ಮಾರ್ಗವಿದೆ. ಅರಸೀಕೆರೆ ಸುತ್ತಿಗಿಂತ ಇದು ಸುಮಾರು 65 ಕಿ.ಮೀ. ಹತ್ತಿರ. 1880ರ ದಶಕದಲ್ಲಿ ಬಿಟ್ಟುಬಿಟ್ಟಿದ್ದ ಹಳೆಯ ಹೆದ್ದಾರಿಯ ಜಾಡನ್ನೇ ಅದು ಈಗ ಹಿಡಿದಿದೆ.