ತಳಿಯ ಹೆಸರು, ತರಬೇತಿಯ ಫಲ: ಶ್ವಾನ ವಿಧೇಯತಾ ಸ್ಪರ್ಧೆಯ ಚರಿತ್ರೆ

ನಾಯಿಯ ಅಂದಚೆಂದಕ್ಕೆ ಬಹುಮಾನ ಕೊಡುವ ಪ್ರದರ್ಶನಗಳು 19ನೇ ಶತಮಾನದಲ್ಲೇ ಬೇರೂರಿದ್ದವು. ಅದು ಎಷ್ಟು ಮಾತು ಕೇಳುತ್ತದೆ ಎಂದು ನೋಡಿ ಅಂಕ ಕೊಡುವ ವಿಧೇಯತಾ ಸ್ಪರ್ಧೆ ಬಂದದ್ದು ಆಮೇಲೆ. ‘ಈ ತಳಿಯ ಕೈಲಿ ಇದಾಗದು’ ಎಂಬ ಪೂರ್ವಗ್ರಹವನ್ನು ಈ ಸ್ಪರ್ಧೆ ಮತ್ತೆ ಮತ್ತೆ ಕಣದಲ್ಲೇ ಸುಳ್ಳು ಮಾಡಿದೆ. ಆ ಎಳೆಯನ್ನು ಗುರುತಿಸಿ, ಮುಂಬಯಿಯ ಭಾಂಡುಪ್‌ನಂಥ ಉಪನಗರಕ್ಕೆ ಅದು ಹೇಗೆ ಅನ್ವಯಿಸುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಪೂಡಲ್‌ನಿಂದ ಆರಂಭ

20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಶೆಫರ್ಡ್ ತಳಿಯ ಸಂಘ, ಮುಂದೆ ಇಂಗ್ಲೆಂಡಿನಲ್ಲಿ ಪೊಲೀಸ್ ಮತ್ತು ಸೇನಾ ನಾಯಿಗಳ ಸಂಘ ಇಂಥ ಪರೀಕ್ಷೆಗಳನ್ನು ನಡೆಸುತ್ತಿದ್ದವು. ದುಡಿಯುವ ನಾಯಿಗಳ ಮೇಲೆಯೇ ಅವುಗಳ ಗಮನ. ಅಮೆರಿಕದ ಹೆಲೆನ್ ವೈಟ್‌ಹೌಸ್ ವಾಕರ್ ಸಾಕಿದ್ದು ಪೂಡಲ್ ನಾಯಿಗಳನ್ನು. ಸಿಂಗಾರಕ್ಕಷ್ಟೇ ಲಾಯಕ್ಕು ಎಂದು ಜನ ಹಗುರವಾಗಿ ಕಾಣುತ್ತಿದ್ದ ತಳಿಯದು. ಅದರ ಬುದ್ಧಿಯನ್ನು ತೋರಿಸಲೆಂದೇ ಆಕೆ 1933ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ ಎಲ್ಲ ತಳಿಗಳಿಗೂ ತೆರೆದ ಸ್ಪರ್ಧೆ ಏರ್ಪಡಿಸಿದರು. ಕಣಕ್ಕಿಳಿದದ್ದು 8 ನಾಯಿಗಳು. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ಸ್ಪರ್ಧೆಗೆ ಅಧಿಕೃತ ಮಾನ್ಯತೆ ನೀಡಿತು.

ಅಲ್ಲಿ ನೆಲೆಗೊಂಡ ಕ್ರಮದಲ್ಲಿ ಒಟ್ಟು 200 ಅಂಕ, ತೇರ್ಗಡೆಗೆ 170. ನಾಯಿ ಒಡೆಯನ ಎಡಗಾಲಿಗೆ ಸಮವಾಗಿ ಹೆಜ್ಜೆಯಿಡುತ್ತ, ನಿಂತಿರುವ ಇಬ್ಬರನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಬಳಸಿ ಬರಬೇಕು. ಒಡೆಯ ನಿಂತೊಡನೆ ಹೇಳಿಸಿಕೊಳ್ಳದೆ ಕೂರಬೇಕು. ಕೈಯಲ್ಲಿನ ಪಟ್ಟಿ ಬಿಗಿಯಾದರೂ ಅಂಕ ಹೋಗುತ್ತದೆ, ಆಜ್ಞೆಯನ್ನು ಎರಡನೇ ಸಲ ಹೇಳಿದರೂ ಹೋಗುತ್ತದೆ. ಹಾಗಾಗಿ ಇಲ್ಲಿ ಗದರಿಕೆ ನಡೆಯದು. ಒಡೆಯನ ಶಿಸ್ತಿಗೂ ಇದು ಪರೀಕ್ಷೆಯೇ.

ಮುಂಬಯಿ ಮತ್ತು ಮುಧೋಳ

ಭಾರತದಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಪೊಲೀಸ್ ಶ್ವಾನದಳಗಳು ಪ್ರಮುಖ. ಮುಂಬಯಿ ಪೊಲೀಸರ ದಳ 1959ರಲ್ಲಿ ಡಾಬರ್‌ಮನ್ ನಾಯಿಗಳೊಂದಿಗೆ ಶುರುವಾಯಿತು. ಪುಣೆಯಲ್ಲಿ ಪಳಗಿದ ಲ್ಯಾಬ್ರಡಾರ್ ‘ಝಂಜೀರ್’ 1993ರ ಸರಣಿ ಸ್ಫೋಟಗಳ ಕಾಲದಲ್ಲಿ 3,329 ಕೆ.ಜಿ. ಆರ್‌ಡಿಎಕ್ಸ್ ಪತ್ತೆಗೆ ನೆರವಾಗಿ ನಗರದ ಪ್ರೀತಿ ಗಳಿಸಿತು. ಆದರೂ ದಳಗಳ ಒಲವು ಬಹುಕಾಲ ವಿದೇಶಿ ತಳಿಗಳತ್ತಲೇ ಇತ್ತು.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಹೆಸರಾದದ್ದು ಬೇಟೆಗೆ. ಕಣ್ಣಿನಿಂದಲೇ ಬೇಟೆಯನ್ನು ಗುರುತಿಸಿ, ಬೇಟೆಗಾರನನ್ನು ಹಿಂದೆ ಬಿಟ್ಟು ಓಡುತ್ತ ತಾನೇ ತೀರ್ಮಾನ ಮಾಡುವ ತಳಿ ಇದು. ಅಂಥದ್ದಕ್ಕೆ ಪಕ್ಕದಲ್ಲೇ ನಡೆಯುವುದನ್ನು, ಕಾಯುವುದನ್ನು ಕಲಿಸಲು ಅಪಾರ ತಾಳ್ಮೆ ಬೇಕು. 2016ರಲ್ಲಿ ಸೇನೆ ಮುಧೋಳ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದಿತು. ಗಡಿ ಭದ್ರತಾ ಪಡೆಯೂ ಟೇಕನ್‌ಪುರದ ತನ್ನ ಕೇಂದ್ರದಲ್ಲಿ ಈ ತಳಿಯನ್ನು ಪಳಗಿಸಿತು. 2024ರಲ್ಲಿ ಲಖನೌದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಪಡೆಯ ಮುಧೋಳ ನಾಯಿ ‘ರಿಯಾ’ 116 ವಿದೇಶಿ ತಳಿಯ ನಾಯಿಗಳನ್ನು ಹಿಂದಿಕ್ಕಿ, ಜಾಡು ಹಿಡಿಯುವ ವಿಭಾಗದ ಪ್ರಶಸ್ತಿಯನ್ನೂ ಕೂಟದ ಶ್ರೇಷ್ಠ ನಾಯಿ ಎಂಬ ಗೌರವವನ್ನೂ ಗೆದ್ದಿತು. ಮೂಗಿನ ಕೆಲಸದಲ್ಲಿ ಕಣ್ಣಿನ ಬೇಟೆನಾಯಿ ಗೆದ್ದದ್ದು ತರಬೇತಿಯ ಬಲಕ್ಕೆ ದೊಡ್ಡ ಪುರಾವೆ.

ಸಮಾರೋಪ

2010ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಮಿಶ್ರ ತಳಿಗಳಿಗೂ ವಿಧೇಯತಾ ಕಣವನ್ನು ತೆರೆಯಿತು. ಗುಡ್ಡ ಹತ್ತಿದ ಚಾಳುಗಳೂ ಹೊಸ ಟವರ್‌ಗಳೂ ಒತ್ತೊತ್ತಾಗಿರುವ ಭಾಂಡುಪ್‌ಗೆ ಇದು ನೇರವಾಗಿ ಅನ್ವಯಿಸುತ್ತದೆ. ಕಿರಿದಾದ ಓಣಿಯಲ್ಲಿ, ಲಿಫ್ಟಿನಲ್ಲಿ ಮಕ್ಕಳು ಮುದುಕರ ಜೊತೆ ಬಾಳಬೇಕಾದ ನಾಯಿಗೆ ವಂಶಾವಳಿಯ ಕಾಗದಕ್ಕಿಂತ ಕರೆದಾಗ ಬರುವ, ನಿಲ್ಲೆಂದಾಗ ನಿಲ್ಲುವ ಕಲಿಕೆ ಮುಖ್ಯ. ಊರನಾಯಿಗಳಿಗೂ ತೆರೆದ ಸ್ಪರ್ಧೆಗಳು ಇಂಥ ಬಡಾವಣೆಗಳಲ್ಲೇ ನಡೆಯಬೇಕು. ವಾಕರ್ ಪೂಡಲ್‌ಗೆ ಕೊಡಿಸಿದ ಅವಕಾಶ ಅವಕ್ಕೂ ಸಲ್ಲಬೇಕು.