ಗೇರುಸೊಪ್ಪೆಯ ರಾಣಿ ಮತ್ತು ರೋಮಿನ ಪ್ರವಾಸಿ

1623ರ ಅಕ್ಟೋಬರಿನಲ್ಲಿ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯೊಬ್ಬ ಹೊನ್ನಾವರದಲ್ಲಿ ಬಂದಿಳಿದ. ಅವನು ಹೊರಟಿದ್ದುದು ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ಜೊತೆಯಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನ ಶ್ರೀಮಂತ ಮನೆತನದ ವ್ಯಕ್ತಿಯೂ ಇದ್ದ. ಅವನು ವ್ಯಾಪಾರಕ್ಕಾಗಲಿ ಮತಪ್ರಚಾರಕ್ಕಾಗಲಿ ಬಂದವನಲ್ಲ. ಲೋಕ ನೋಡಲು ಬಂದವನು.

1586ರಲ್ಲಿ ಹುಟ್ಟಿದ ಪಿಯೆತ್ರೊ, ಪ್ರೇಮಭಂಗದಿಂದ ನೊಂದು ತೀರ್ಥಯಾತ್ರೆಯ ಹರಕೆ ಹೊತ್ತು, 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ. ಇಸ್ತಾಂಬುಲಿನಲ್ಲಿ ತುರ್ಕಿ ಭಾಷೆ ಕಲಿತ. ಬಗ್ದಾದಿನಲ್ಲಿ ಮಆನಿ ಎಂಬ ಕ್ರೈಸ್ತ ಯುವತಿಯನ್ನು ಮದುವೆಯಾದ. 1621ರ ಕೊನೆಯಲ್ಲಿ ಆಕೆ ಪರ್ಷಿಯಾದಲ್ಲಿ ತೀರಿಕೊಂಡಳು. ಮಡದಿಯ ದೇಹವನ್ನು ಕೆಡದಂತೆ ಮಾಡಿಸಿ ಅವನು ಭಾರತಕ್ಕೂ ತಂದಿದ್ದ. ಅದು ಮಣ್ಣು ಸೇರಿದ್ದು ಕೊನೆಗೆ ರೋಮಿನ ಚರ್ಚೊಂದರಲ್ಲಿ.

ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋದ ಪಿಯೆತ್ರೊ ಆ ನದಿಯ ಚೆಲುವನ್ನು ಮನಸಾರೆ ಹೊಗಳಿದ್ದಾನೆ. ಆದರೆ ದಡದಲ್ಲಿ ಅವನಿಗೆ ಕಂಡದ್ದು ಹಾಳೂರು, ಮರಗಿಡ ಬೆಳೆದ ಅರಮನೆ. ಇಲ್ಲಿನ ಕೊನೆಯ ರಾಣಿ ಕೀಳು ಕುಲದ ಪರದೇಶಿಯೊಬ್ಬನನ್ನು ಮೋಹಿಸಿ ರಾಜ್ಯ ಕಳೆದುಕೊಂಡಳು ಎಂಬ ಕಥೆಯನ್ನು ಅವನು ಕೇಳಿ ಬರೆದುಕೊಂಡ. ಈ ನಾಡಿನ ಮೆಣಸಿನ ಹೆಚ್ಚಳದಿಂದ ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎನ್ನುತ್ತಿದ್ದರೆಂದೂ ಬರೆದ.

ನಾವು ಚೆನ್ನಭೈರಾದೇವಿ ಎಂದು ನೆನೆಯುವ ಜೈನ ರಾಣಿ ಸುಮಾರು ಅರ್ಧ ಶತಮಾನ ಆಳಿದವಳು. ಕುಮಟಾ ಬಳಿಯ ಮಿರ್ಜಾನ್ ಕೋಟೆಯನ್ನು ಜನ ಇಂದಿಗೂ ಅವಳ ಹೆಸರಿನೊಂದಿಗೇ ಹೇಳುತ್ತಾರೆ. ಹೊನ್ನಾವರ, ಭಟ್ಕಳದ ಬಂದರುಗಳಿಂದ ಮೆಣಸು ಕಡಲಾಚೆಗೆ ಹೋಗುತ್ತಿದ್ದ ಕಾಲವದು. ಅಂಥ ಸಂಪತ್ತಿನ ಮೇಲೆ ಪೋರ್ಚುಗೀಸರಿಗೂ ಕಣ್ಣಿತ್ತು, ಇಕ್ಕೇರಿಗೂ ಕಣ್ಣಿತ್ತು. ಸೋಲಿಗೆ ಇಷ್ಟು ಕಾರಣ ಸಾಲದೇ? ಸೋತವಳು ಹೆಣ್ಣಾದರೆ ಮಾತ್ರ ಕಥೆಗೆ ಒಬ್ಬ ಪ್ರಿಯಕರ ಬೇಕಾಗುತ್ತಾನೆ. ಮಡದಿಯ ಶವಪೆಟ್ಟಿಗೆ ಹೊತ್ತು ದೇಶ ಸುತ್ತಿದವನ ಪ್ರೀತಿ ನಿಷ್ಠೆ ಎನಿಸಿಕೊಂಡಿತು, ರಾಣಿಯದು ಚಪಲವಾಯಿತು.

ಹಾಗೆಂದು ಪಿಯೆತ್ರೊನನ್ನು ಪೂರ್ತಿ ಅಲ್ಲಗಳೆಯಬೇಕಿಲ್ಲ. ಇಕ್ಕೇರಿಯ ದಾರಿಯಲ್ಲಿ ಒಂದು ಗುಡಿಯ ಜಗುಲಿಯ ಮೇಲೆ ನಾಲ್ವರು ಹುಡುಗರು ರಾಗವಾಗಿ ಹಾಡುತ್ತ, ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ಗುರುವಿಲ್ಲದೆ ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿ, ಅವರನ್ನೇ ಕೇಳಿ ತಿಳಿದು ಬರೆದಿದ್ದಾನೆ. ಅಂದಿನ ಕನ್ನಡ ನಾಡಿನ ಕಲಿಕೆಯ ಬಗ್ಗೆ ಅದೊಂದು ಅಮೂಲ್ಯ ಸಾಕ್ಷಿ. ಆದರೆ ರಾಣಿಯನ್ನು ಅವನು ಕಂಡವನಲ್ಲ. ಪ್ರವಾಸಿಗರ ಬರಹ ಓದುವಾಗ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳದಿದ್ದರೆ, ಸತ್ತವರ ಮೇಲಿನ ಅಪವಾದವೇ ಇತಿಹಾಸವಾಗಿಬಿಡುತ್ತದೆ.