ಹಾಸ್ಟೆಲ್ಲಿನ ಋಣ

ಆದಿವಾಲದ ಹೆದ್ದಾರಿ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದ ಆ ಜೂನ್ ತಿಂಗಳ ಬೆಳಗ್ಗೆ ನನ್ನ ಜೊತೆ ಇದ್ದದ್ದು ಒಂದು ತಗಡಿನ ಟ್ರಂಕು, ಒಂದು ಜಮಖಾನ, ಅವ್ವ ಡಬ್ಬಿಗೆ ತುಂಬಿಕೊಟ್ಟ ಚಟ್ನಿಪುಡಿ. ಕಾಲೇಜಿನಲ್ಲಿ ಸೀಟು ಸಿಕ್ಕಿ ಹದಿನೈದು ದಿನವಾಗಿತ್ತು. ಆದರೂ ನಾನು ಹೊರಟಿರಲಿಲ್ಲ. "ಹಗಲೆಲ್ಲ ಓದ್ತಾಳೆ ಸರಿ, ರಾತ್ರಿ ಎಲ್ಲಿ ಮಲಗ್ತಾಳೆ?" ಎಂದು ಅಜ್ಜಿ ಕೇಳಿದ್ದಕ್ಕೆ ಅಪ್ಪನ ಹತ್ತಿರ ಉತ್ತರವಿರಲಿಲ್ಲ. ಹಾಸ್ಟೆಲ್ ಸೀಟಿನ ಕಾಗದ ಬಂದ ಮೇಲೆಯೇ ಅಪ್ಪ ಟ್ರಂಕಿಗೆ ಬೀಗ ತಂದದ್ದು.

ಹಾಸ್ಟೆಲ್ಲಿನ ಹಳೆಯ ವಿದ್ಯಾರ್ಥಿನಿಯರು ತಮ್ಮ ಸಂಚಿಕೆಗೆ ಬರೆಯಲು ಹೇಳಿದಾಗ ಅಜ್ಜಿಯ ಆ ಮಾತೇ ಮೊದಲು ನೆನಪಾಯಿತು. ನಮ್ಮ ಕಡೆ ಹೆಣ್ಣುಮಕ್ಕಳ ಓದು ಎಷ್ಟೋ ಮನೆಗಳಲ್ಲಿ ನಿಂತುಹೋದದ್ದು ಬುದ್ಧಿ ಸಾಲದೆ ಅಲ್ಲ, ಇರಲು ಜಾಗವಿಲ್ಲದೆ. ಗಂಡುಹುಡುಗರಿಗೆ ದಾರಿ ಮೊದಲೇ ತೆರೆದಿತ್ತು. ಚಿತ್ರದುರ್ಗದ ಬೃಹನ್ಮಠದ ಪೀಠದಲ್ಲಿ 1903ರಿಂದ 1956ರವರೆಗೆ ಇದ್ದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ನಾಡಿನ ಹಲವು ಊರುಗಳಲ್ಲಿ ಉಚಿತ ಪ್ರಸಾದ ನಿಲಯಗಳನ್ನು ತೆರೆದರು. ಅಲ್ಲಿ ಉಂಡು ಓದಿದ ಹುಡುಗರು ಮುಂದೆ ವಕೀಲರಾದರು, ಮೇಷ್ಟರಾದರು. ಅವರ ಅಕ್ಕತಂಗಿಯರ ಸರದಿ ಬಂದದ್ದು ಬಹಳ ತಡವಾಗಿ.

ಅಮೆರಿಕದ ಕಾಲೇಜುಗಳಲ್ಲಿ ಸೊರಾರಿಟಿ ಎಂಬ ಪದ್ಧತಿ ಇದೆ. ಓದುವ ಹೆಣ್ಣುಮಕ್ಕಳೇ ಕಟ್ಟಿಕೊಂಡ ಸೋದರಿಯರ ಸಂಘ ಅದು. ಎಷ್ಟೋ ಸಂಘಗಳಿಗೆ ಸ್ವಂತ ಮನೆಯೂ ಇದೆ. ಹಳೆಯ ವಿದ್ಯಾರ್ಥಿನಿಯರು ದೊಡ್ಡವರಾದ ಮೇಲೆ ಅದೇ ಮನೆಗೆ ಬಂದು ಕೋಣೆಗಳನ್ನು ಹೊಸದಾಗಿ ಮಾಡಿಸಿಕೊಡುವುದುಂಟು. ನಮ್ಮಲ್ಲಿ ಆ ಹೆಸರಿಲ್ಲ. ಆದರೆ ಋಣ ಎಂಬ ಮಾತಿದೆ. ಆ ಋಣ ಊರು, ಸಮುದ್ರ ದಾಟಿ ಹೋಗಿ ಮತ್ತೆ ಮರಳಿದ ಒಂದು ನಿಜವಾದ ಕಥೆಯನ್ನು ಇಲ್ಲಿ ಹೇಳಬೇಕು.

ರಾಜೇಶ್ವರಿ ಚಟರ್ಜಿ 1922ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರೂ ಗಂಡ ಬಿಟ್ಟವರೂ ಓದು ಕಲಿತು ತಮ್ಮ ಕಾಲಮೇಲೆ ನಿಲ್ಲಬೇಕೆಂದು ಮಹಿಳಾ ಸೇವಾ ಸಮಾಜದ ಮೂಲಕ ದುಡಿದಾಕೆ. ಆ ಸಮಾಜದಡಿ ಅಜ್ಜಿ ತೆರೆದ ಶಾಲೆಯಲ್ಲೇ ಮೊಮ್ಮಗಳೂ ಕಲಿತಳು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು.

1947ರಲ್ಲಿ ರಾಜೇಶ್ವರಿ ಹಡಗು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಮದುವೆಯಾಗದ ಹುಡುಗಿ ಒಬ್ಬಳೇ ಹೊರಟದ್ದು. ಅಲ್ಲಿ ಸ್ನಾತಕೋತ್ತರ ಪದವಿ ಪಡೆದು, ವಾಷಿಂಗ್ಟನ್ನಿನಲ್ಲಿ ಎಂಟು ತಿಂಗಳು ರೇಡಿಯೊ ಅಲೆಗಳ ಅಳತೆಯ ತರಬೇತಿ ಮುಗಿಸಿ, 1949ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನದ ಮೇಲೆ ಮತ್ತೆ ಮಿಶಿಗನ್ನಿಗೆ ಮರಳಿದರು.

ಈ ಬಾರ್ಬರ್ ಯಾರು? ಲೀವೈ ಬಾರ್ಬರ್ ಅದೇ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ. ಅಲ್ಲಿ ವೈದ್ಯಕೀಯ ಕಲಿತು ಚೀನಾಕ್ಕೆ ಮರಳಿದ್ದ ಹೆಣ್ಣುಮಕ್ಕಳ ಸೇವೆಯನ್ನು ಕಂಡು, ಏಷ್ಯಾದ ಹೆಣ್ಣುಮಕ್ಕಳಿಗೆಂದೇ ವಿದ್ಯಾರ್ಥಿವೇತನ ಸ್ಥಾಪಿಸಿದವನು. ಅಷ್ಟಕ್ಕೆ ನಿಲ್ಲಲಿಲ್ಲ, ಓದುವ ಹೆಣ್ಣುಮಕ್ಕಳು ಇರಲೆಂದು ತಾಯಿ ಬೆಟ್ಸಿಯ ಹೆಸರಿನಲ್ಲಿ ಒಂದು ಮನೆಯನ್ನೂ ಕಟ್ಟಿಸಿಕೊಟ್ಟ. ಅದು ತೆರೆದದ್ದು 1920ರಲ್ಲಿ. ನನ್ನಜ್ಜಿ ಕೇಳಿದ ಪ್ರಶ್ನೆ ಆ ಮನುಷ್ಯನಿಗೂ ಹೊಳೆದಿತ್ತು ಎಂದು ಓದಿದ ದಿನ ನನ್ನ ಕಣ್ಣು ತುಂಬಿತ್ತು.

1953ರಲ್ಲಿ ಡಾಕ್ಟರೇಟ್ ಮುಗಿಸಿದ ರಾಜೇಶ್ವರಿ ನೇರ ಬಂದದ್ದು ತಾವು ಹಿಂದೆ ಓದಿದ್ದ ಬೆಂಗಳೂರಿನ ಸಂಸ್ಥೆಗೇ. ಅಲ್ಲಿ ಅಧ್ಯಾಪಕಿಯಾದರು, ಮುಂದೆ ವಿಭಾಗದ ಮುಖ್ಯಸ್ಥೆಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆಗೂಡಿ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. ರಾಜೇಶ್ವರಿಯವರ ಕೆಲಸ ಆಂಟೆನಾಗಳ ವಿನ್ಯಾಸ. ನಾನು ಕಟ್ಟಡಗಳ ನಕ್ಷೆ ಬರೆಯುವವಳು, ಒಂದು ಅಂಗುಲ ಆಚೀಚೆಯಾದರೆ ಮೇಸ್ತ್ರಿ ಹೇಗೋ ಸರಿಮಾಡಿಕೊಳ್ಳುತ್ತಾನೆ. ಅವರ ಲೋಕದಲ್ಲಿ ಅದು ನಡೆಯದು. ಒಂದು ಗಿಗಾಹರ್ಟ್ಸ್ ಅಲೆಯ ಉದ್ದ 30 ಸೆಂಟಿಮೀಟರು, ಹತ್ತು ಗಿಗಾಹರ್ಟ್ಸಿಗೆ ಹೋದರೆ ಬರೀ 3. ಆಂಟೆನಾದ ಅಳತೆ ಆ ಅಲೆಗೆ ಹೊಂದಬೇಕು. ಕೂದಲೆಳೆಯಷ್ಟು ಲೆಕ್ಕ ಹಿಡಿಯುವ ಇಂಥ ವಿದ್ಯೆಯಲ್ಲಿ ಅವರು ಇಪ್ಪತ್ತು ಮಂದಿಗೆ ಡಾಕ್ಟರೇಟಿಗೆ ಮಾರ್ಗದರ್ಶನ ಮಾಡಿದರು, ನೂರಕ್ಕೂ ಮೇಲ್ಪಟ್ಟು ಸಂಶೋಧನಾ ಲೇಖನ ಬರೆದರು. 1982ರಲ್ಲಿ ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ. ಮಹಿಳಾ ಅಧ್ಯಯನದ ಕೆಲಸಕ್ಕೆ ಇಳಿದರು, ಪುಸ್ತಕ ಬರೆದರು. ತೀರಿಕೊಂಡದ್ದು 2010ರಲ್ಲಿ. ಅವರು ಕಲಿಸಿದ ಆ ಬೆಂಗಳೂರಿನ ಸಂಸ್ಥೆಯ ಇನ್ನೊಂದು ಆವರಣ ಈಗ ನಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿದೆ. ಶಾಲಾ ಮೇಷ್ಟರುಗಳಿಗೆ ವಿಜ್ಞಾನದ ತರಬೇತಿ ಕೊಡುವ ಕೇಂದ್ರ ಅಲ್ಲಿದೆ.

ಓದಿದ ಜಾಗದ ಋಣಕ್ಕೆ ಹಣ ಕೊಡುವವರು ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ರಾಜೇಶ್ವರಿ ಕೊಟ್ಟದ್ದು ಕೈಯಲ್ಲಿದ್ದ ವಿದ್ಯೆ. ಅದನ್ನೇ ನೆನೆಯುತ್ತ ಹೋದ ತಿಂಗಳು ಟೇಪು ಹಿಡಿದು ನಮ್ಮ ಹಾಸ್ಟೆಲ್ಲಿಗೆ ಹೋದೆ. ಸುಣ್ಣ ಬಳಿದಿದ್ದಾರೆ, ಫ್ಯಾನು ಹೊಸದು. ಆದರೆ ಹೊರಗಿನವರ ಕಣ್ಣಿಗೆ ಬೀಳದ ಕಡೆ ಬಟ್ಟೆ ಒಣಹಾಕಲು ಇವತ್ತಿಗೂ ಜಾಗವಿಲ್ಲ. ಒಳಬಟ್ಟೆಯನ್ನು ಮಂಚದ ಸರಳಿಗೆ ಹಾಕಿ ಮೇಲೆ ಟವೆಲು ಮುಚ್ಚುವುದನ್ನು ನಾವೂ ಮಾಡಿದ್ದೆವು, ಈಗಿನ ಹುಡುಗಿಯರೂ ಮಾಡುತ್ತಾರೆ. ಮಳೆಗಾಲದಲ್ಲಿ ಆ ಹಸಿಬಟ್ಟೆ ಉಟ್ಟು ಚರ್ಮದ ಕಾಯಿಲೆ ತಂದುಕೊಂಡವರಿದ್ದಾರೆ. ಓದುವ ಮೇಜಿಗೆ ಎಡಗಡೆಯಿಂದ ಬೆಳಕು ಬೀಳದು, ಬರೆಯುವ ಕೈಯ ನೆರಳೇ ಪುಸ್ತಕದ ಮೇಲೆ ಬೀಳುತ್ತದೆ. ಟ್ರಂಕಿಡಲು ಮಂಚದಡಿ ಎತ್ತರ ಸಾಲದು. ಇದೆಲ್ಲ ಅಲ್ಲಿ ಮಲಗಿ ಎದ್ದವಳಿಗೆ ಮಾತ್ರ ಗೊತ್ತಾಗುವ ಸಂಗತಿ. ನಕ್ಷೆ ಬರೆದವರು ಯಾರೂ ಅಲ್ಲಿ ಒಂದು ರಾತ್ರಿಯೂ ಕಳೆದಿರಲಾರರು.

ಹಿತ್ತಲ ಕಡೆ ಜಾಲಿ ಇಟ್ಟಿಗೆಯ ಗೋಡೆ ಎತ್ತಿ, ಮೇಲೆ ತಗಡು ಹೊದಿಸಿ, ಗಾಳಿ ಆಡುವ ಒಂದು ಒಣಹಾಕುವ ಚಾವಡಿ ಬರೆದುಕೊಟ್ಟಿದ್ದೇನೆ. ವಾರ್ಡನ್ ಮೇಡಂ ನಕ್ಷೆಯನ್ನು ಬಹಳ ಹೊತ್ತು ನೋಡಿ, "ಇದಕ್ಕಿಂತ ಮೊದಲು ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಆಗಲಮ್ಮ" ಎಂದರು. ಮಾರನೆಯ ದಿನವೇ ಹಿರಿಯೂರಿನಿಂದ ಬಡಗಿಯನ್ನು ಕರೆದುಕೊಂಡು ಹೋದೆ. ಆರು ಬಾಗಿಲಿಗೂ ಚಿಲಕ ಬಿತ್ತು.